ಪ್ರೊಯ್ಸೆನ್: ಗುಡಿಸಲಿನ ಹೆಸರು ಹೊತ್ತವನು

ನಾರ್ವೆಯ ಆಲ್ಫ್ ಪ್ರೊಯ್ಸೆನ್‌ನನ್ನು (1914–1970) ಮಕ್ಕಳ ಕತೆಗಾರ, ರೇಡಿಯೋ ಹಾಡುಗಾರ ಅಂತ ಮುದ್ದಾಡಿ ಮುಗಿಸೋದು ಸುಲಭ. ಆದರೆ ಅವನು ರಿಂಗ್‌ಸಾಕರ್‌ನ ಹುಸ್‌ಮನ್ ಮನೆಯ ಕೂಸು. ಹುಸ್‌ಮನ್ ಅಂದ್ರೆ ಧಣಿಯ ಜಮೀನಿನಂಚಲ್ಲಿ ಒಂದು ಗುಡಿಸಲು, ಅಂಗೈಯಗಲ ನೆಲ ಪಡೆದು, ಅದಕ್ಕೆ ಬದಲಾಗಿ ಧಣಿಯ ಹೊಲದಲ್ಲಿ ಬೆವರು ಸುರಿಸುವವನು. ಪ್ರೊಯ್ಸೆನ್ ಅನ್ನೋದು ಆ ಗುಡಿಸಲಿದ್ದ ಜಾಗದ ಹೆಸರು. ಅದನ್ನೇ ಅವನು ಪುಸ್ತಕದ ಮೇಲೆ ಅಚ್ಚು ಹಾಕಿಸಿದ. ತಾನೂ ಆಳಾಗಿ ದುಡಿದವನೇ.

1945ರ ಮೊದಲ ಕಥಾಸಂಕಲನಕ್ಕೆ ‘ಮನೆ ಹೊಸ್ತಿಲು’ ಎಂಬರ್ಥದ ಹೆಸರನ್ನ ಹೆಡ್‌ಮಾರ್ಕಿನ ಆಡುಮಾತಲ್ಲೇ ಇಟ್ಟ. ಆ ಮಾತನ್ನೇ ಹಾಡಾಗಿಸಿ ರೇಡಿಯೋದಲ್ಲಿ ಇಡೀ ದೇಶಕ್ಕೆ ಕೇಳಿಸಿದ. 1950ರ ಕಾದಂಬರಿ ‘ಟ್ರೋಸ್ಟ್ ಇ ತಾಕ್‌ಲಾಂಪಾ’ದ ಗುನ್‌ವೋರ್ ಬಡವರ ಹುಡುಗಿ, ಓಸ್ಲೋ ಸೇರಿ ಹಳ್ಳಿಗೆ ಮರಳುತ್ತಾಳೆ. ಉಡುಪು ಹೊಸದು, ಊರು ಮಾತ್ರ ಅವಳು ಯಾರ ಮನೆಯವಳು ಅನ್ನೋದನ್ನ ಮರೆಯೋದಿಲ್ಲ.

ನನ್ನನ್ನು ಹೆಚ್ಚು ಕಾಡಿದವಳು ಅವನ ಚಮಚದಜ್ಜಿ. ಇದ್ದಕ್ಕಿದ್ದಂತೆ ಟೀ ಚಮಚದಷ್ಟಾಗ್ತಾಳೆ, ಆದ್ರೂ ಮನೆಗೆಲಸ ತಪ್ಪೋದಿಲ್ಲ. ಮಳೆಯಿಂದ ಬಟ್ಟೆ ಒಗೆಸ್ತಾಳೆ, ಬಿಸಿಲಿಂದ ಒಣಗಿಸ್ತಾಳೆ! ಇದು ಬರೀ ತಮಾಷೆ ಅನ್ನೋ ಮಹಾಶಯರಿರಬಹುದು. ದುಡಿದು ಸವೆದ ಅವ್ವಂದಿರನ್ನು ಕಂಡವರಿಗೆ ಹಾಗನ್ನಿಸೋದಿಲ್ಲ.

ಒಂದು ತಕರಾರು ನನಗಿದೆ. ಅವನ ಸಿಟ್ಟು ಎಷ್ಟೋ ಕಡೆ ನಗುವಿನಲ್ಲಿ ಕರಗಿಹೋಗುತ್ತೆ. ಧಣಿಗಳೂ ಕೂತು ಹಾಯಾಗಿ ಹಾಡಬಹುದಾದ ಹಾಡುಗಳು ಅದರಲ್ಲಿ ಬಹಳ.