ಕೊಂಡಿ ತೆಗೆದರೆ ಚೈನು ಹೊಸದಾದೀತೇ?

ಗುಂಜೋಟಿ, ಉಮರ್ಗಾ, ನಿಲಂಗಾ, ಉದಗೀರ ಎಲ್ಲಿಯ ಸೈಕಲ್ ಅಂಗಡಿಯಾದರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. “ಕಾಕಾ, ಚೈನ್ ಸಡ್ಲ ಆಗ್ಯಾದ.” “ಒಂದ್ ಕಡಿ ತೆಗೀತೀನಿ, ನಡೀತದ ತಗೊ.” ಹಳೆಯ ಪಿನ್ನು ಹೊಡೆದು, ಜೋಡಿ ಕೊಂಡಿ ತೆಗೆದು, ಹಿಂದಿನ ಗಾಲಿಯನ್ನು ಸರಿಹೊಂದಿಸಿ ನಟ್ಟು ಬಿಗಿದರೆ ಕೆಲಸ ಮುಗಿಯಿತು. ಮಹಾರಾಷ್ಟ್ರ-ಕರ್ನಾಟಕ ಗಡಿನಾಡಿನಲ್ಲಿ ಬೇರೂರಿರುವ ಈ ರೂಢಿಯನ್ನು ಒರೆಗೆ ಹಚ್ಚಿ ನೋಡಬೇಕಾದ ಕಾಲ ಬಂದಿದೆ. ಸಾದಾ ಸೈಕಲ್ಲಿಗೆ ಇದು ಅರ್ಧ ಸರಿ. ಗೇರ್ ಸೈಕಲ್ಲಿಗೆ ಪೂರ್ತಿ ತಪ್ಪು.

ಚೈನು ಎಳೆತಕ್ಕೆ ಹಿಗ್ಗಿ ಉದ್ದವಾಗುವುದಿಲ್ಲ, ಸವೆದು ಉದ್ದವಾಗುತ್ತದೆ. ಹ್ಯಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ರೂಪಿಸಿದ ರೋಲರ್ ಚೈನಿನ ವಂಶದ್ದೇ ಇಂದಿನ ಸೈಕಲ್ ಚೈನು. ಹಾಲಿನ ಕ್ಯಾನು ಹೊರುವ ಸೈಕಲ್ಲಿರಲಿ, ಲಕ್ಷ ರೂಪಾಯಿಯ ರೇಸಿಂಗ್ ಸೈಕಲ್ಲಿರಲಿ, ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಪಿನ್ನೂ ಅದು ತಿರುಗುವ ತೂತೂ ಸವೆದಂತೆ ಈ ಅಂತರ ಕೂದಲೆಳೆಯಷ್ಟು ಹೆಚ್ಚುತ್ತದೆ. ನೂರಕ್ಕೂ ಹೆಚ್ಚು ಕೀಲುಗಳಲ್ಲಿ ಅದು ಕೂಡಿ ಕಣ್ಣಿಗೆ ಕಾಣುವ ಸಡಿಲಾಗುತ್ತದೆ. ಇಲ್ಲಿನ ಎರೆಮಣ್ಣಿನ ಧೂಳು ಎಣ್ಣೆಯಲ್ಲಿ ಕಲಸಿ ಒಳಗಿಳಿದರೆ ಸಾಣೆಕಲ್ಲಿನಂತೆ ಉಕ್ಕನ್ನು ತೇಯುತ್ತದೆ. ಒರೆಸದೆ ಮೇಲಿಂದ ಮೇಲೆ ಎಣ್ಣೆ ಬಿಡುವುದು ಅದಕ್ಕೇ ಕೆಡುಕು. ಕೊಂಡಿ ತೆಗೆದಾಗ ಚೈನಿನ ಒಟ್ಟು ಉದ್ದ ಒಂದು ಇಂಚು ಕಡಿಮೆಯಾಗುತ್ತದೆ. ಉಳಿದ ಕೊಂಡಿಗಳ ನಡುವೆ ಹೆಚ್ಚಿದ ಅಂತರ ಹಾಗೇ ಇರುತ್ತದೆ.

ಆದರೂ ಈ ರೂಢಿಯ ಬೆನ್ನಿಗೆ ಒಂದು ನ್ಯಾಯವಿದೆ. ಸಾದಾ ಸೈಕಲ್ಲಿನಲ್ಲಿ ಮುಂದೆ ಒಂದು ಚೈನ್‌ವೀಲು, ಹಿಂದೆ ಒಂದು ಫ್ರೀವೀಲು. ಚೈನೂ ಸೇರಿ ಮೂರೂ ಜೊತೆಜೊತೆಯಾಗಿ ಸವೆಯುತ್ತವೆ, ಚೈನಿನ ಅಂತರ ಹೆಚ್ಚಿದಂತೆ ಹಲ್ಲುಗಳೂ ಅದಕ್ಕೆ ಒಗ್ಗಿಕೊಳ್ಳುತ್ತವೆ. ಕರ್ನಾಟಕ ಸರಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟದ್ದು ಇಂಥ ಸೈಕಲ್ಲುಗಳನ್ನೇ. ಗಡಿಯಾಚೆಯ ಆಳಂದ, ಬಸವಕಲ್ಯಾಣದ ಹಳ್ಳಿಗಳಿಗೂ ಅವು ಬಂದವು. ಸುತ್ತಿಗೆ, ಪಿನ್ನು ಹೊಡೆಯುವ ಮೊಳೆ ಇಷ್ಟರಲ್ಲೇ ಅಂಥ ಸೈಕಲ್ಲನ್ನು ವರ್ಷಗಟ್ಟಲೆ ಓಡಿಸುವುದು ನಿಜವಾದ ಕುಶಲತೆ. ಕೊನೆಗೆ ಚೈನು ಹಲ್ಲು ಹಾರಿ ಕುಣಿಯತೊಡಗಿದಾಗ ಮೂರನ್ನೂ ಒಮ್ಮೆಗೇ ಬದಲಿಸಿದರೆ ಲೆಕ್ಕ ಚುಕ್ತಾ.

ತಪ್ಪಾಗುವುದು ಒಂದನ್ನೇ ಬದಲಿಸಿದಾಗ. ಹಣ ಉಳಿಯಲೆಂದು ಸವೆದ ಫ್ರೀವೀಲಿಗೆ ಹೊಸ ಚೈನು ಹಾಕುತ್ತಾರೆ. ಫ್ರೀವೀಲಿನ ಹಲ್ಲುಗಳು ಅಷ್ಟರಲ್ಲಿ ಒಂದು ಬದಿಗೆ ಕೊಕ್ಕೆಯಾಗಿರುತ್ತವೆ. ಹೊಸ ರೋಲರು ಹಲ್ಲಿನ ಬುಡಕ್ಕೆ ಇಳಿಯದೆ ಕೊಕ್ಕೆಯ ಮೇಲೇರುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದಾಗ ತಟಕ್ಕನೆ ಜಾರುತ್ತದೆ, ಸವಾರ ಮುಗ್ಗರಿಸುತ್ತಾನೆ. ಹಳೆ ಚೈನಿಗೆ ಹೊಸ ಫ್ರೀವೀಲು ಹಾಕಿದರೆ ಹೊಸದರ ಹಲ್ಲೂ ಬೇಗ ಕೆಡುತ್ತದೆ.

ವಿಜಯಪುರ, ಬಾಗಲಕೋಟೆ, ಜಮಖಂಡಿಗಳು ರೋಡ್ ರೇಸಿನ ಸೈಕ್ಲಿಸ್ಟರನ್ನು ಬೆಳೆಸಿದ ನೆಲ. ಅವರು ತುಳಿಯುವಂಥ ಗೇರ್ ಸೈಕಲ್ಲಿಗೆ ಸಾದಾ ಸೈಕಲ್ಲಿನ ಉಪಚಾರ ಮಾಡಿದರೆ ಎರಡು ಬಗೆಯಲ್ಲಿ ಕೇಡು. ಒಂದು, ಇಲ್ಲಿ ಸಡಿಲು ಕಾಣಿಸುವುದೇ ಇಲ್ಲ. ಗೇರು ಬದಲಿಸುವ ಹಿಂದಿನ ಡಿರೇಲರಿನ ಸ್ಪ್ರಿಂಗು ಅದನ್ನು ಎಳೆದು ಹಿಡಿದಿರುತ್ತದೆ. ಚೈನು ಒಳಗೊಳಗೇ ಕ್ಯಾಸೆಟ್ಟಿನ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನ, ಹಲ್ಲು ತಿನ್ನುತ್ತಿದ್ದರೂ ಸವಾರನಿಗೆ ಗೊತ್ತಾಗುವುದಿಲ್ಲ. ಎರಡು, ಸರಿಯಾದ ಉದ್ದಕ್ಕೆ ಕಟ್ಟಿದ ಚೈನಿನಿಂದ ಕೊಂಡಿ ತೆಗೆದರೆ, ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರ ಎರಡಕ್ಕೂ ಒಟ್ಟಿಗೆ ಗೇರು ಬಿದ್ದಾಗ ಚೈನು ಸೆಟೆದು ಡಿರೇಲರೇ ಮುರಿಯಬಹುದು. ಕ್ಯಾಸೆಟ್ಟಿನ ಬೆಲೆಯ ಮುಂದೆ ಚೈನಿನ ಬೆಲೆ ಸಾಮಾನ್ಯವಾಗಿ ಕಡಿಮೆ. ಚೈನನ್ನು ಹೊತ್ತಿಗೆ ಸರಿಯಾಗಿ ಬದಲಿಸಿದವನಿಗೆ ಒಂದೇ ಕ್ಯಾಸೆಟ್ಟು ಹಲವು ಚೈನುಗಳಿಗೆ ಬಾಳಿಕೆ ಬರುತ್ತದೆ. ಕುಣಿಯುವ ತನಕ ಕಾದವನು ಎಲ್ಲವನ್ನೂ ಕೊಳ್ಳಬೇಕಾಗುತ್ತದೆ.

ಬದಲಿಸುವ ಹೊತ್ತು ಗೊತ್ತಾಗುವುದು ಅಳತೆಯಿಂದ. ಒಂದು ಅಡಿಗಿಂತ ಉದ್ದದ ಉಕ್ಕಿನ ಸ್ಕೇಲು ತೆಗೆದುಕೊಳ್ಳಿ. ಚೈನು ಬಿಗಿಯಾಗಿರುವ ಕಡೆ ಒಂದು ಪಿನ್ನಿನ ನಡುವಿಗೆ ಸೊನ್ನೆ ಹಿಡಿದು 24 ಕೊಂಡಿ ಎಣಿಸಿ. ಹೊಸ ಚೈನಿನಲ್ಲಿ ಕೊನೆಯ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಕೂಡುತ್ತದೆ. ಅದು ಬಡಿಗೇರರ ಲೆಕ್ಕದ ಅರ್ಧ ಸೂತು, ಅಂದರೆ ಇಂಚಿನ 16ನೇ ಒಂದು ಪಾಲು ಮುಂದೆ ಹೋಗಿದ್ದರೆ ಸವೆತ ಶೇಕಡಾ 0.5, ಚೈನು ಬದಲಿಸಿದರೆ ಸಾಕು. ಒಂದು ಸೂತು ದಾಟಿದ್ದರೆ ಸವೆತ ಶೇಕಡಾ 1. ಹಲ್ಲುಗಳೂ ಬಹುಮಟ್ಟಿಗೆ ಹೋಗಿವೆ ಎಂದೇ ತಿಳಿಯಬೇಕು.

ನಗರದ ಶೋರೂಮುಗಳಲ್ಲಿ ಇದಕ್ಕೆ ವಿರುದ್ಧವಾದ ಚಾಳಿಯೊಂದಿದೆ. ಚೈನಿನ ದೂರು ಹೇಳಿದ ಕೂಡಲೇ ಅಳೆಯದೆಯೇ ಪೂರ್ತಿ ಸೆಟ್ಟು ಬದಲಿಸಲು ಹೇಳುತ್ತಾರೆ. ಅಳೆಯದೆ ಕೊಂಡಿ ತೆಗೆಯುವುದೂ ಅಳೆಯದೆ ಸೆಟ್ಟು ಮಾರುವುದೂ ಒಂದೇ ತಪ್ಪಿನ ಎರಡು ಮುಖ; ಎರಡರಲ್ಲೂ ಗಿರಾಕಿಗೇ ನಷ್ಟ. ನಮ್ಮ ಕಡೆಯ ಮಿಸ್ತ್ರಿಗಳ ಕೈಯಲ್ಲಿ ಕಸುಬು ಆಗಲೇ ಇದೆ, ಜೊತೆಗೆ ಆ ಸ್ಕೇಲೂ ಇರಬೇಕು. ರಿಪೇರಿಗೆ ಬಂದ ಪ್ರತಿ ಸೈಕಲ್ಲಿನ ಚೈನು ಅಳೆದು, ಅಂಕಿ ತೋರಿಸಿ, ಆಮೇಲೆ ಪಾನಾ ಎತ್ತಿಕೊಂಡರೆ ಗುಂಜೋಟಿಯ ಚಿಕ್ಕ ಅಂಗಡಿಯ ಕೆಲಸ ಯಾವ ಶೋರೂಮಿಗೂ ಕಡಿಮೆಯಾಗದು.