ಪೊಟ್ಟಣಕ್ಕೆ ಎಚ್ಚರಿಕೆ, ಬಿಡಿಗೆ ಬಿಡುಗಡೆ

ಕೊಳೆತ ದವಡೆ, ಕೆನ್ನೆ ಹರಿದು ಹೊರಬಂದ ಹುಣ್ಣು, ಕಪ್ಪಿಟ್ಟ ಶ್ವಾಸಕೋಶ. ಕೇಂದ್ರ ಸರ್ಕಾರ 2009ರಿಂದ ತಂಬಾಕು ಪೊಟ್ಟಣಗಳ ಮೇಲೆ ಅಚ್ಚು ಹಾಕಿಸುತ್ತ ಬಂದಿರುವ ಚಿತ್ರಗಳು ಇಂಥವು. ಇವತ್ತು ಸಿಗರೇಟು ಪ್ಯಾಕಿನ ಎರಡೂ ಮುಖಗಳಲ್ಲಿ ಶೇ 85ರಷ್ಟು ಜಾಗ ಇವಕ್ಕೇ ಮೀಸಲು. ಅದರಲ್ಲಿ ಶೇ 60 ಚಿತ್ರ, ಶೇ 25 ಬರಹ. ಕಂಪನಿಯ ಹೆಸರಿಗೆ ಉಳಿಯುವುದು ಒಂದು ಸಣ್ಣ ಪಟ್ಟಿ ಮಾತ್ರ. ಅಳತೆಯ ಮಟ್ಟಿಗೆ ಜಗತ್ತಿನ ದೊಡ್ಡ ಎಚ್ಚರಿಕೆಗಳಲ್ಲಿ ಭಾರತದ್ದೂ ಒಂದು. ಇದನ್ನೂ ಒಂದು ಕೃತಿ ಎಂದುಕೊಂಡು ವಿಮರ್ಶೆಗೆ ಕೂತರೆ ಎರಡು ಪ್ರಶ್ನೆ ಏಳುತ್ತವೆ. ಚಿತ್ರಕ್ಕೆ ಕಸುವಿದೆಯೇ? ನೋಡಬೇಕಾದವನ ಕಣ್ಣಿಗೆ ಅದು ಬೀಳುತ್ತಿದೆಯೇ?

ಮೊದಲ ಪ್ರಶ್ನೆಗೆ ಉತ್ತರ ಬಹಳ ಕಾಲ 'ಇಲ್ಲ' ಎಂದೇ ಇತ್ತು. 1975ರ ಸಿಗರೇಟು ಕಾಯ್ದೆಯ ಕಾಲದ್ದು ಬರೀ ಒಂದು ಸಾಲಿನ ಸಣ್ಣಕ್ಷರ. ಸಿಗರೇಟು ಸೇವನೆ ಆರೋಗ್ಯಕ್ಕೆ ಹಾನಿಕರ ಎಂಬ ಆ ಸಾಲು ಪ್ಯಾಕಿನ ವಿನ್ಯಾಸದ ಒಂದು ಅಂಗವೇ ಆಗಿ ಯಾರ ಗಮನಕ್ಕೂ ಬಾರದಂತಾಗಿತ್ತು. 2003ರಲ್ಲಿ ಈಗಿನ ತಂಬಾಕು ನಿಯಂತ್ರಣ ಕಾಯ್ದೆ, ಅಧಿಕಾರಿಗಳ ಬಾಯಲ್ಲಿ 'ಕೋಟ್ಪಾ', ಬಂತು. ಅದರ ಬಲದಿಂದ ಚಿತ್ರ ಮುದ್ರಣ ಶುರುವಾದದ್ದು 2009ರ ಮೇ 31ರಂದು, ಅದೂ ಮುಂಭಾಗದ ಶೇ 40ರಷ್ಟು ಜಾಗದಲ್ಲಿ. ಜಗಿಯುವ ತಂಬಾಕಿಗೆ ಆಗ ಆರಿಸಿದ್ದು ಚೇಳಿನ ಚಿತ್ರ! ನವಿಲು, ಆನೆ, ಒಂಟೆಗಳನ್ನೆಲ್ಲ 'ಛಾಪ್' ಮಾಡಿಕೊಂಡ ಮಾರುಕಟ್ಟೆಯಲ್ಲಿ ಚೇಳು ಇನ್ನೊಂದು ಮಾರ್ಕಿನಂತೆಯೇ ಕಾಣುತ್ತದೆ ಎಂಬುದು ಆರಿಸಿದವರಿಗೆ ಹೊಳೆಯಲಿಲ್ಲ. ಮುಂದೆ 2011ರ ಕೊನೆಗೆ ಬಂದ ಹೊಸ ಸರಣಿಯ ಒಂದು ಚಿತ್ರ ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಾನ್ ಟೆರಿಯ ಮುಖವನ್ನೇ ಹೋಲುತ್ತಿತ್ತು. ವಿಷಯ ಲಂಡನ್ನಿನ ಪತ್ರಿಕೆಗಳವರೆಗೂ ಹೋಗಿ ನಗೆಪಾಟಲಾಯಿತು. ಲಕ್ಷಾಂತರ ಜನರ ಸಾವಿನ ಬಗ್ಗೆ ಹೇಳಬೇಕಾದ ಚಿತ್ರಕ್ಕೆ ಸರ್ಕಾರ ಕೊಟ್ಟ ಗಮನ ಅಷ್ಟು.

ಶೇ 85ರ ನಿಯಮ ಈ ಉದಾಸೀನವನ್ನು ಮುರಿಯಿತು. ಆದರೆ ಅದು ಸುಮ್ಮನೆ ಬರಲಿಲ್ಲ. 2014ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಟಿತು. 2015ರ ಏಪ್ರಿಲ್ 1ರಿಂದ ಜಾರಿ ಎಂದಾಯಿತು. ಅಷ್ಟರಲ್ಲಿ ದಿಲೀಪ್ ಗಾಂಧಿ ಅಧ್ಯಕ್ಷತೆಯ ಸಂಸದೀಯ ಸಮಿತಿ ಅಡ್ಡ ಬಂತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಭಾರತದಲ್ಲೇ ನಡೆದ ಅಧ್ಯಯನ ಬೇಕು ಎಂಬ ಅಧ್ಯಕ್ಷರ ಮಾತು ದೇಶವನ್ನೇ ದಂಗುಬಡಿಸಿತು. ಸಮಿತಿಯ ಸದಸ್ಯರಲ್ಲಿ ಒಬ್ಬರಾದ ಶ್ಯಾಮಾ ಚರಣ್ ಗುಪ್ತಾ ಸ್ವತಃ ಬೀಡಿ ಉದ್ಯಮಿ. ಕಳ್ಳನ ಕೈಗೇ ಬೀಗದ ಕೈ ಎನ್ನುವಷ್ಟು ಕಟುವಾಗಿ ಹೇಳಬೇಕಿಲ್ಲವೇನೋ. ಆದರೂ ಇಂಥವರನ್ನು ಆ ಸಮಿತಿಯಲ್ಲಿ ಕೂರಿಸಿದ್ದನ್ನು ಬೇರೆ ಯಾವ ಮಾತಿನಲ್ಲೂ ಸಮರ್ಥಿಸಲಾಗದು.

ಹಾಗೆ ನೋಡಿದರೆ ಭಾರತದ ಅಧ್ಯಯನ ಇರಲೇ ಇಲ್ಲವೆ? ಪ್ರಭಾತ್ ಝಾ ಮತ್ತು ಸಂಗಡಿಗರು ದೇಶದುದ್ದಕ್ಕೂ ಲಕ್ಷಾಂತರ ಮನೆಗಳಿಂದ ಸಾವಿನ ಕಾರಣ ಕಲೆಹಾಕಿ 2008ರಲ್ಲೇ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟಿಸಿದ್ದರು. ಬೀಡಿ ಸೇದುವ ಗಂಡಸಿನ ಆಯುಸ್ಸು ಸರಾಸರಿ 6 ವರ್ಷ, ಹೆಂಗಸಿನದು 8 ವರ್ಷ, ಸಿಗರೇಟು ಸೇದುವ ಗಂಡಸಿನದು 10 ವರ್ಷ ಕಡಿಮೆಯಾಗುತ್ತದೆ ಎಂಬುದು ಅದರ ಲೆಕ್ಕ. ಓದುವ ಮನಸ್ಸಿದ್ದರೆ ಕಾಗದ ಮೇಜಿನ ಮೇಲೇ ಇತ್ತು.

ಕೊನೆಗೆ ನಿಯಮ ಜಾರಿಗೆ ಬಂದದ್ದು ಒಂದು ವರ್ಷ ತಡವಾಗಿ, 2016ರ ಏಪ್ರಿಲ್ 1ಕ್ಕೆ. ದೊಡ್ಡ ಸಿಗರೇಟು ಕಂಪನಿಗಳು ಮುನಿಸಿಕೊಂಡು ಕೆಲಕಾಲ ಕಾರ್ಖಾನೆ ಮುಚ್ಚಿದವು. ದೇಶದ ನಾನಾ ನ್ಯಾಯಾಲಯಗಳಲ್ಲಿದ್ದ ಮೊಕದ್ದಮೆಗಳನ್ನೆಲ್ಲ ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತು. 2017ರ ಡಿಸೆಂಬರ್ 15ರಂದು ಹೈಕೋರ್ಟ್ ಶೇ 85ರ ನಿಯಮವನ್ನು ರದ್ದು ಮಾಡಿತು. ಮೂರು ವಾರ ಕಳೆದು, 2018ರ ಜನವರಿ 8ರಂದು, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಶೇ 85 ಬದುಕಿಕೊಂಡಿತು.

ಹಟ ಹಿಡಿದು ಉಳಿಸಿಕೊಂಡದ್ದು ವ್ಯರ್ಥವಲ್ಲ. ವಯಸ್ಕರ ತಂಬಾಕು ಬಳಕೆಯ ರಾಷ್ಟ್ರೀಯ ಸಮೀಕ್ಷೆ 2009-10ರಲ್ಲಿ ನಡೆದಾಗ ಬಳಕೆದಾರರು ಶೇ 34.6ರಷ್ಟಿದ್ದರು, 2016-17ರಲ್ಲಿ ಅದು ಶೇ 28.6ಕ್ಕೆ ಇಳಿಯಿತು. ಇಳಿಕೆಯನ್ನೆಲ್ಲ ಚಿತ್ರದ ಖಾತೆಗೆ ಬರೆಯಲಾಗದು. ತೆರಿಗೆ, ಗುಟ್ಕಾ ನಿಷೇಧ ಎರಡೂ ಆ ನಡುವಿನವೇ, ಸಾರ್ವಜನಿಕ ಸ್ಥಳದ ನಿಷೇಧ ಅದಕ್ಕೂ ತುಸು ಮೊದಲಿನದು. ಆದರೆ ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದೆವು ಎಂದವರು ಸಿಗರೇಟಿನವರಲ್ಲಿ ಶೇ 62, ಬೀಡಿಯವರಲ್ಲಿ ಶೇ 54, ಜಗಿಯುವವರಲ್ಲಿ ಶೇ 46. ಯೋಚನೆ ಬೇರೆ, ಬಿಡುವುದು ಬೇರೆ, ನಿಜ. ಅಂಗೈಯಷ್ಟು ರಟ್ಟಿನ ಡಬ್ಬಿಯಿಂದ ಅಷ್ಟಾದರೂ ಆಗಿದೆಯೆಂದರೆ ಚಿತ್ರಕ್ಕೆ ಕಸುವಿದೆ ಎಂದೇ ಹೇಳಬೇಕು.

ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಯಾವುದಾದರೂ ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಗಿರಾಕಿ ಬರುತ್ತಾನೆ, ಬ್ರಾಂಡಿನ ಹೆಸರೋ ಅಡ್ಡಹೆಸರೋ ಹೇಳಿ 'ಒಂದು ಕೊಡಿ' ಎನ್ನುತ್ತಾನೆ. ಅಂಗಡಿಯವನು ಪ್ಯಾಕನ್ನು ತನ್ನ ಕಡೆಯೇ ಇಟ್ಟುಕೊಂಡು, ಒಂದನ್ನು ಎಳೆದು ಮುಂದೆ ಚಾಚುತ್ತಾನೆ. ದಾರಕ್ಕೆ ತೂಗುಬಿದ್ದ ಲೈಟರಿನಲ್ಲಿ ಅಂಟಿಸಿಕೊಂಡು, ಟೀ ಲೋಟ ಹಿಡಿದು ಗಿರಾಕಿ ಪಕ್ಕಕ್ಕೆ ಸರಿಯುತ್ತಾನೆ. ಇಡೀ ವ್ಯವಹಾರದಲ್ಲಿ ಕೊಳೆತ ದವಡೆ ಅವನಿಗೆ ಎದುರಾಗುವುದೇ ಇಲ್ಲ. ಹತ್ತು ಸಿಗರೇಟಿನ ಪ್ಯಾಕು ಹತ್ತು ಜನಕ್ಕೆ ಹಂಚಿಹೋಗುತ್ತದೆ, ಖಾಲಿ ಡಬ್ಬಿ ಅಂಗಡಿಯವನ ಕಾಲಡಿಯ ಬುಟ್ಟಿಗೆ ಬೀಳುತ್ತದೆ. ಸರ್ಕಾರ ಹೋರಾಡಿ ಉಳಿಸಿಕೊಂಡ ಚಿತ್ರವನ್ನು ಬೆಳಗಿನಿಂದ ರಾತ್ರಿಯವರೆಗೆ ನೋಡುವವನು ಮಾರುವವನೇ. ಅವನು ಬಹುಶಃ ಸೇದುವವನೂ ಅಲ್ಲ.

ದೇಶದಲ್ಲಿ ಸಿಗರೇಟು ಹೆಚ್ಚಾಗಿ ಖರ್ಚಾಗುವುದು ಹೀಗೆಯೇ. ಕಾಲೇಜು ಹುಡುಗನ ಜೇಬಿಗೆ ಪ್ಯಾಕಿನ ಬೆಲೆ ಭಾರ, ಒಂದರ ಬೆಲೆ ಹಗುರ. ಹಾಗಾಗಿ ತೆರಿಗೆ ಏರಿಸಿದ ಪೆಟ್ಟೂ ಬಿಡಿ ಮಾರಾಟದಲ್ಲಿ ಅರ್ಧ ಕರಗುತ್ತದೆ. ಕೆನಡಾ ಈ ತೂತನ್ನು ಗಮನಿಸಿ, 2023ರ ನಿಯಮದಲ್ಲಿ ಪ್ರತಿ ಸಿಗರೇಟಿನ ಮೇಲೂ ಎಚ್ಚರಿಕೆ ಅಚ್ಚಾಗಬೇಕೆಂದಿತು. ಭಾರತದ ಕಾಯ್ದೆ ಪೊಟ್ಟಣವನ್ನಷ್ಟೇ ಕಂಡಿದೆ. ಬಿಡಿ ಮಾರಾಟ ನಿಲ್ಲಿಸುವ ಕೇಂದ್ರದ ತಿದ್ದುಪಡಿ ಕರಡಿನ ಹಂತ ದಾಟಲಿಲ್ಲ.

ಗುಟ್ಕಾದ ಕಥೆ ಇನ್ನೂ ವಿಚಿತ್ರ. ಆಹಾರ ಸುರಕ್ಷತಾ ನಿಯಮದಡಿ ಮಧ್ಯಪ್ರದೇಶ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಉದ್ಯಮ ಒಂದನ್ನು ಎರಡು ಮಾಡಿತು: ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ. ಕೊಳ್ಳುವವನು ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಂಡರೆ ಆಯಿತು. ಭೀಕರ ಚಿತ್ರವಿರುವುದು ತಂಬಾಕಿನ ಪುಟ್ಟ ಚೀಟಿಯ ಮೇಲೆ. ಅಷ್ಟು ಸಣ್ಣ ಚೀಟಿಯಲ್ಲಿ ಶೇ 85 ಎಂದರೂ ಹೆಬ್ಬೆಟ್ಟಿನಗಲ. ಹೊಳೆಯುವ ಹೆಸರಿರುವುದು ಪಾನ್ ಮಸಾಲೆಯ ಮೇಲೆ, ಅದೇ ಹೆಸರಿನ ಏಲಕ್ಕಿಯ ಜಾಹೀರಾತಿನಲ್ಲಿ, ಸಿನಿಮಾ ನಟರ ನಗುಮುಖದ ಪಕ್ಕದಲ್ಲಿ. ಪಾನ್ ಮಸಾಲೆಯೊಳಗಿನ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿ ವರ್ಷಗಳಾದವು. ಅಡಿಕೆ ಬೆಳೆಯುವ ಮಲೆನಾಡಿರುವ ರಾಜ್ಯದಲ್ಲಿ ಈ ಮಾತು ಎತ್ತಲು ಯಾವ ಪಕ್ಷಕ್ಕೂ ನಾಲಿಗೆ ಏಳುವುದಿಲ್ಲ.

ನಾಲಿಗೆ ಕಟ್ಟಲು ಕಾರಣಗಳು ಅಷ್ಟೇ ಅಲ್ಲ. ಆರೋಗ್ಯ ಸಚಿವಾಲಯ ಚಿತ್ರ ಅಚ್ಚು ಹಾಕಿಸುತ್ತಿದ್ದರೆ, ವಾಣಿಜ್ಯ ಸಚಿವಾಲಯದ ತಂಬಾಕು ಮಂಡಳಿ ಹುಣಸೂರು, ಪಿರಿಯಾಪಟ್ಟಣದ ಹರಾಜು ಕಟ್ಟೆಗಳಲ್ಲಿ ಹೊಗೆಸೊಪ್ಪಿನ ಬೇಲುಗಳಿಗೆ ಬೆಲೆ ಕೂಗಿಸುತ್ತದೆ. ಸೊಪ್ಪು ಹದಮಾಡುವ ಬ್ಯಾರನ್ ಕಟ್ಟಿಸಿ ಸಾಲ ಹೊತ್ತ ರೈತನನ್ನು ಬೈದು ಪ್ರಯೋಜನವಿಲ್ಲ. ಬೇರೆ ಬೆಳೆಗೆ ಅಂಥ ಖಚಿತ ಮಾರುಕಟ್ಟೆ ಯಾರೂ ಕಟ್ಟಿಕೊಟ್ಟಿಲ್ಲ. ಸರ್ಕಾರಿ ವಿಮಾ ಸಂಸ್ಥೆಯಾದ ಎಲ್‌ಐಸಿ, ದೇಶದ ಅತಿದೊಡ್ಡ ಸಿಗರೇಟು ಕಂಪನಿ ಐಟಿಸಿಯ ದೊಡ್ಡ ಷೇರುದಾರರಲ್ಲಿ ಒಂದು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿನ ದರವನ್ನು ಶೇ 40ಕ್ಕೆ ಏರಿಸಲು ತೀರ್ಮಾನಿಸಿದ ಸಭೆಯಲ್ಲೇ ಬೀಡಿಯ ದರವನ್ನು ಶೇ 28ರಿಂದ 18ಕ್ಕೆ ಇಳಿಸಿತು. ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡು ಇದಕ್ಕೆ ಕೊಟ್ಟ ಸಮರ್ಥನೆ. ಬೀಡಿ ಸೇದುವವರು ಸಿಗರೇಟಿನವರಿಗಿಂತ ಹೆಚ್ಚಿರುವ ದೇಶದಲ್ಲಿ, ಬಡವನ ಶ್ವಾಸಕೋಶಕ್ಕೆ ಕೊಟ್ಟ ರಿಯಾಯಿತಿ ಇದು ಎಂದೂ ಓದಬಹುದು.

ಕರ್ನಾಟಕ ಈ ನಡುವೆ ಒಂದು ಹೆಜ್ಜೆ ಮುಂದಿಟ್ಟಿದೆ. ಬಿಡಿ ಮಾರಾಟದ ಮೇಲೆ 2017ರಲ್ಲೇ ಆದೇಶ ಹೊರಟಿತ್ತು, ಗೂಡಂಗಡಿಗಳು ಅದನ್ನು ಲೆಕ್ಕಕ್ಕಿಡಲಿಲ್ಲ. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆ ಬಿಡಿ ಮಾರಾಟವನ್ನು ಕಾನೂನಿನಲ್ಲೇ ನಿಷೇಧಿಸಿತು, ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 200ರಿಂದ 1,000 ರೂಪಾಯಿ ಮಾಡಿತು. ಕಾಗದದ ಮೇಲೆ ಶೇ 85ರ ಚಿತ್ರಕ್ಕೆ ಬೇಕಿದ್ದ ಜೊತೆಗಾರ ಇದೇ. ಆದರೆ ತಂಬಾಕು ಮಾರಲು ಪ್ರತ್ಯೇಕ ಪರವಾನಗಿ ಕಡ್ಡಾಯವಾಗಿ, ತಪ್ಪಿದರೆ ಅದು ಹೋಗುತ್ತದೆ ಎಂಬ ಭಯ ಅಂಗಡಿಯವನಿಗೆ ಹುಟ್ಟುವವರೆಗೆ ಈ ಕಾಯ್ದೆಯೂ 2017ರ ಆದೇಶದ ದಾರಿಯನ್ನೇ ಹಿಡಿಯುತ್ತದೆ. ದಂಡದ ಚೀಟಿ ಹಿಡಿದು ವರ್ಷಕ್ಕೊಮ್ಮೆ, ಮೇ 31ರ ತಂಬಾಕುರಹಿತ ದಿನದ ಆಸುಪಾಸಿನಲ್ಲಿ ಬರುವ ದಾಳಿಯಿಂದ ಏನೂ ಆಗದು.

ಪೊಟ್ಟಣದ ಚಿತ್ರದ ಕೆಳಗೆ 2018ರ ಸೆಪ್ಟೆಂಬರ್‌ನಿಂದ ಒಂದು ದೂರವಾಣಿ ಸಂಖ್ಯೆಯೂ ಅಚ್ಚಾಗುತ್ತಿದೆ. ಬಿಡಿಯಾಗಿ ಕೊಳ್ಳುವವರ ಕಣ್ಣಿಗೆ ಅದು ಬೀಳದ ಕಾರಣ ಇಲ್ಲಿ ಬರೆದಿಡುವುದು ಒಳಿತು: 1800-11-2356. ಬಿಡಬೇಕು ಎನ್ನುವವರಿಗೆ ಉಚಿತವಾಗಿ ಸಲಹೆ ಕೊಡುವ ಈ ಸೇವೆಯ ದಕ್ಷಿಣದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತನಾಡಬಹುದು.