ಅಳದೆ ಹಾಡಿದ ದುಃಖ

ಜಾಝ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ತುತ್ತೂರಿ, ನಗಾರಿಗಳ ಅಬ್ಬರ. ಅಮೆರಿಕದ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ 1956ರಲ್ಲಿ ಹಾಡಿದ ಕೋಲ್ ಪೋರ್ಟರ್ ಗೀತಸಂಪುಟವನ್ನು ಆಲಿಸಿದವರಿಗೆ ಆ ಭಾವನೆ ಉಳಿಯಲಾರದು. ಎರಡು ಧ್ವನಿಮುದ್ರಿಕೆಗಳಲ್ಲಿ 32 ಹಾಡುಗಳು. ನಾಟಕ, ಚಲನಚಿತ್ರಗಳಿಂದ ಆಗಲೇ ಮನೆಮಾತಾಗಿದ್ದ ಇಂತಹ ಹಾಡುಗಳನ್ನು ಜಾಝ್ ಗಾಯಕರು 'ಸ್ಟ್ಯಾಂಡರ್ಡ್' ಎನ್ನುತ್ತಾರೆ. ನಮ್ಮ ಭಾವಗೀತೆಗಳಂತೆ ಒಬ್ಬರು ಹಾಡಿದುದನ್ನೇ ಮತ್ತೊಬ್ಬರು ತಮ್ಮ ರೀತಿಯಲ್ಲಿ ಹಾಡುವುದು ಅಲ್ಲಿಯ ವಾಡಿಕೆ.

ಅರ್ಥವಿಲ್ಲದ ಅಕ್ಷರಗಳಲ್ಲಿ ವಾದ್ಯದಂತೆ ಸ್ವರ ಹರಿಸುವುದರಲ್ಲಿ ಎಲಾ ಅಪ್ರತಿಮರು. ಇಲ್ಲಿ ಆ ಚಮತ್ಕಾರವನ್ನು ಬದಿಗಿರಿಸಿ, ಸಾಹಿತ್ಯವನ್ನು ಒಂದಕ್ಷರವೂ ಮಸುಕಾಗದಂತೆ ನುಡಿಯುತ್ತಾರೆ. ಬಡಿ ಬ್ರೆಗ್‌ಮನ್ನರ ವಾದ್ಯಸಂಯೋಜನೆ ಮಾತ್ರ ಕೆಲವೆಡೆ ಭಾರವೆನಿಸುತ್ತದೆ. ಎಲಾ ಅವರ ಕಂಠದಲ್ಲಿ ಸದಾ ಬೆಳಕೇ ತುಂಬಿದೆ, ಪೋರ್ಟರನ ಕೊಂಕು ಅದಕ್ಕೆ ಒಗ್ಗದು ಎಂಬ ಹಳೆಯ ಆಕ್ಷೇಪವೂ ಉಂಟು. ಅನೇಕ ಪ್ರೇಮಗೀತೆಗಳ ಮಟ್ಟಿಗೆ ನಾನದನ್ನು ಒಪ್ಪುತ್ತೇನೆ.

ಆದರೆ 1934ರ 'ಮಿಸ್ ಓಟಿಸ್ ರಿಗ್ರೆಟ್ಸ್' ಗೀತೆಯ ಮುಂದೆ ಆ ಆಕ್ಷೇಪ ನಿಲ್ಲದು. ಇಲ್ಲಿ ವಾದ್ಯವೃಂದವಿಲ್ಲ, ಪಿಯಾನೋ ಒಂದೇ. ಸೇವಕನೊಬ್ಬ ಮನೆಯೊಡತಿಗೆ ಬಿನ್ನವಿಸುತ್ತಾನೆ: ಮಿಸ್ ಓಟಿಸ್ ಇಂದು ಊಟಕ್ಕೆ ಬರಲಾರರು. ವಂಚಿಸಿದ ಪ್ರಿಯಕರನನ್ನು ಆಕೆ ಗುಂಡಿಟ್ಟು ಕೊಂದಳು. ಜನರ ಗುಂಪು ಸೆರೆಮನೆಯಿಂದ ಆಕೆಯನ್ನು ಎಳೆದೊಯ್ದು ಮರಕ್ಕೆ ನೇತುಹಾಕಿತು. ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಬಾಲಕನನ್ನು ಬಿಳಿಯರು ಕೊಂದುದು 1955ರಲ್ಲಿ. ಮರುವರ್ಷವೇ ಕಪ್ಪು ಗಾಯಕಿಯೊಬ್ಬರು ಈ ಹಾಡನ್ನು ಹಾಡಿದಾಗ ಅದು ಬರಿಯ ವಿನೋದವಾಗಿ ಉಳಿದೀತೆ? ಎಲಾ ಅಳುವುದಿಲ್ಲ, ಸ್ವರವನ್ನು ನಡುಗಿಸುವುದೂ ಇಲ್ಲ. ನಡೆದುದನ್ನು ನಡೆದಂತೆ ಹೇಳುತ್ತಾರೆ.

ಈ ಸಂಯಮ ನಮಗೆ ಹೊಸದಲ್ಲ. ರಾಮನಗರ, ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಬದಿಯಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನು ನಮ್ಮ ಕುಟುಂಬಗಳು ಕಂಡಿರುತ್ತವೆ. ಅಲ್ಲಿನ ಬೀಸುವ ಕಲ್ಲುಗಳನ್ನು ಕಂಡಾಗಲೆಲ್ಲ ನನಗೆ 'ಕೆರೆಗೆ ಹಾರ'ದ ನೆನಪು. ಕಿರಿಯ ಸೊಸೆ ಭಾಗೀರಥಿಯನ್ನು ಮನೆಯವರೇ ನೀರಿಗೆ ಬಲಿಗೊಡುತ್ತಾರೆ. ಆದರೂ ಆ ಕಥನಗೀತೆ ಎಲ್ಲಿಯೂ ಗೋಳಾಡದು. ಆಕೆ ಮೆಟ್ಟಿಲು ಹತ್ತಿದಂತೆ ನೀರೇರುವುದನ್ನಷ್ಟೇ ಹೇಳುತ್ತದೆ. ಹಾಡಿದವಳು ಅಳಲಿಲ್ಲವೆಂದೇ ಕೇಳಿದವರ ಕಣ್ಣು ಒದ್ದೆಯಾಗುತ್ತದೆ.

ಸಂಪುಟವನ್ನು ಹೊಸದಾಗಿ ಕೇಳುವವರು ಈ ಗೀತೆಯಿಂದಲೇ ಆರಂಭಿಸಬಹುದು. ಅದು ಮುಗಿಯುವುದೂ ಅದೇ ವಿನಯದ ಕ್ಷಮಾಯಾಚನೆಯಲ್ಲಿ. ಅತಿಥಿಗಾಗಿ ಕಾದಿದ್ದ ಮನೆಯೊಡತಿ ಏನೆಂದಳೆಂಬುದನ್ನು ಹಾಡು ಹೇಳುವುದಿಲ್ಲ.